ಹಾಲುಗೂಸಿನ ಆಯುಷ್ಯ, ತಾಯಿಯ ಉಪವಾಸ

ದಿನ ತುಂಬದೆ ಹುಟ್ಟಿದ ಕೂಸು ಉಳಿಯಲಾರದೆಂದು ವೈದ್ಯರು ಹೇಳಿದ ಮೇಲೂ ಅದು ಕೆಲವು ತಾಸು, ಒಮ್ಮೊಮ್ಮೆ ಕೆಲವು ದಿನ ಜೀವದಿಂದಿರುತ್ತದೆ. ಆ ಅವಧಿಯಲ್ಲಿ ಬಂಧುವರ್ಗವು ತಂದೆತಾಯಿಗಳಿಗೆ ಹೇಗೆ ಆಸರೆಯಾಗಬೇಕೆಂಬುದು ಶ್ರಾವಕರು ವಿಚಾರಿಸತಕ್ಕ ಪ್ರಶ್ನೆ. ಹಿರೇಕೆರೂರಿನ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಆರು ತಿಂಗಳಿಗೇ ಹೆರಿಗೆಯಾಗಿದೆ. ಕೂಸನ್ನು 108ರ ವಾಹನದಲ್ಲಿ ಹಾವೇರಿಗೆ ಸಾಗಿಸಿದ್ದಾರೆ. ಗಾಜಿನ ಪೆಟ್ಟಿಗೆಯ ಬದಿಯಲ್ಲಿ ತಂದೆ ನಿಂತಿದ್ದಾನೆ. ಹಸಿಬಾಣಂತಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ಊರಿನಿಂದ ಹಿರಿಯರು ಬರುತ್ತಾರೆ.

"ಅದರ ಆಯುಷ್ಯ ಅಷ್ಟ ಇತ್ತು ತಂಗೀ, ಅಳಬ್ಯಾಡ" ಎಂಬುದು ಮೊದಲ ಮಾತು. ಇದನ್ನು ಅವಸರದಿಂದ ಆಡಬಾರದು. ದೇವನಾರಕಿಗಳು, ಚರಮೋತ್ತಮದೇಹಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು, ಇವರ ಆಯುಷ್ಯವೊಂದೇ ನಡುವೆ ಕಡಿಯದೆಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿದೆ. ಉಳಿದವರದು ನಿಮಿತ್ತದಿಂದ ಮೊಟಕಾಗಬಹುದು. ಆದುದರಿಂದಲೇ ಔಷಧೋಪಚಾರಕ್ಕೆ ಅರ್ಥವಿದೆ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿ, ಶ್ವಾಸಕೋಶ ಬಲಿಯದೆ 39 ಗಂಟೆಗಳಲ್ಲಿ ತೀರಿಕೊಂಡನು. ಅಂದು ಅಧ್ಯಕ್ಷ ಪದವಿಯೂ ಅವನನ್ನು ಉಳಿಸಲಿಲ್ಲ; ಇಂದು ಅಷ್ಟು ದಿನ ತುಂಬಿದ ಕೂಸುಗಳು ಒಳ್ಳೆಯ ಆರೈಕೆಯಿದ್ದಲ್ಲಿ ಬಹುತೇಕ ಬದುಕುತ್ತವೆ. ಉಪಾಯವಿರುವಾಗ ಆಯುಷ್ಯದ ಹೆಸರು ಹೇಳುವುದು ಆಲಸ್ಯವೇ ಸರಿ.

ಆದರೆ ಉಪಾಯವೆಲ್ಲ ಮುಗಿದಿದೆ. ಆಗ ಎರಡನೆಯ ಮಾತು ಬರುತ್ತದೆ: ಹಿಂದಿನ ಜನ್ಮದ ಪಾಪ. ಶೋಕ, ಆಕ್ರಂದನಗಳಿಂದ ಅಸಾತಾವೇದನೀಯ ಕರ್ಮ ಬಂಧಿಸುವುದೆಂದು ಅದೇ ಗ್ರಂಥದ ಆರನೆಯ ಅಧ್ಯಾಯವನ್ನು ತೋರಿಸಿ ತಾಯಿಯ ಬಾಯಿ ಮುಚ್ಚಿಸುವವರೂ ಉಂಟು. ಪರರಲ್ಲಿ ದುಃಖವನ್ನುಂಟುಮಾಡುವುದರಿಂದಲೂ ಅದೇ ಬಂಧವೆಂದು ಆ ಸೂತ್ರವೇ ಹೇಳಿದೆ. ಅರ್ಧ ಸೂತ್ರವನ್ನು ಓದಿ ನಿಲ್ಲಿಸುವುದು ಸ್ವಾಧ್ಯಾಯವಲ್ಲ.

ಮೂರನೆಯದು ಹೆಚ್ಚು ಸೂಕ್ಷ್ಮ. ಹೇಗೂ ಉಳಿಯದ ಜೀವಕ್ಕೆ ಹಾಲು ನಿಲ್ಲಿಸಿದರೆ ಅದು ಸಲ್ಲೇಖನೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಸಮಂತಭದ್ರರು ರತ್ನಕರಂಡಕದಲ್ಲಿ ಪ್ರತೀಕಾರವಿಲ್ಲದ ರೋಗವನ್ನು ಸಲ್ಲೇಖನೆಯ ಸಂದರ್ಭಗಳಲ್ಲಿ ಎಣಿಸಿದ್ದಾರೆ, ನಿಜ. ಆದರೆ ರಾಗದ್ವೇಷಗಳನ್ನು ಬಿಟ್ಟು, ಕ್ಷಮೆ ಬೇಡಿ, ಕ್ಷಮಿಸಿ, ಕ್ರಮವಾಗಿ ಆಹಾರವನ್ನು ತ್ಯಜಿಸುವವನು ವ್ರತಿಯೇ. ಅವನ ಪರವಾಗಿ ಇನ್ನೊಬ್ಬನಲ್ಲ. ಎಂಟು ವರ್ಷ ತುಂಬದ ಮಗುವಿಗೆ ವ್ರತದ ಅಧಿಕಾರವೇ ಇಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನೆಯನ್ನು ಅಪರಾಧವೆಂದಾಗ ಇದು ಸ್ವೇಚ್ಛೆಯ ವ್ರತವೆಂದೇ ಸಮಾಜವು ವಾದಿಸಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಅಲ್ಲಿ ಆಡಿದ ಮಾತನ್ನು ತೊಟ್ಟಿಲ ಬಳಿ ಮರೆಯಲಾಗದು. ದೇಹವು ಹಾಲನ್ನು ಒಪ್ಪುತ್ತಿಲ್ಲವೆಂದು ವೈದ್ಯರು ಹೇಳಿದಾಗ ಒತ್ತಾಯ ಮಾಡದಿರುವುದು, ಗುಣವಾಗದ ಶರೀರಕ್ಕೆ ಯಂತ್ರದ ಬಾಧೆಯನ್ನು ಹೆಚ್ಚಿಸದಿರುವುದು ಬೇರೆ ವಿಷಯ. ಹಿಂಸೆಗೆ ಮೂಲ ಪ್ರಮತ್ತಯೋಗ, ಇಲ್ಲಿರುವುದು ಅನುಕಂಪೆ. ಅದನ್ನು ವ್ರತವೆಂದು ಕರೆಯಬೇಕಾಗಿಲ್ಲ.

ಹಾಗಾದರೆ ತಾಯಿಯ ಉಪವಾಸ? ಕೂಸು ಉಳಿದರೆ ಇಷ್ಟು ಉಪವಾಸವೆಂದು ಆಕೆ ಮನಸ್ಸಿನಲ್ಲಿ ಕಟ್ಟಿಕೊಂಡಿರುವುದು ಸಹಜ. ಫಲವನ್ನು ಬಯಸಿ ಮಾಡಿದ್ದು ನಿದಾನವಾಗುತ್ತದೆ. ಇಷ್ಟವಿಯೋಗದ ಭಯದಲ್ಲಿ ಅನ್ನ ಬಿಟ್ಟದ್ದು ಆರ್ತಧ್ಯಾನ, ತಪಸ್ಸಲ್ಲ. ಆದರೂ ಈ ತರ್ಕವನ್ನು ಆಕೆಗೆ ಆ ಬೆಂಚಿನ ಮೇಲೆ ಬೋಧಿಸಬೇಕಾಗಿಲ್ಲ. ಉಪದೇಶವನ್ನು ಮುಂದಕ್ಕೆ ಹಾಕಿ ವೈಯಾವೃತ್ತ್ಯವನ್ನು ಮಾಡಬೇಕು.

ಸೂತಕವೆಂದು ದೂರ ನಿಲ್ಲುವವರೂ ಇದ್ದಾರೆ. ಜನನಸೂತಕವು ಪೂಜೆಗೆ, ಮುನಿಗಳ ಆಹಾರದಾನಕ್ಕೆ ತಡೆ. ಬಾಣಂತಿಯ ಕೈ ಹಿಡಿಯುವುದಕ್ಕೆ ತಡೆಯಲ್ಲ. ಪಂಚನಮಸ್ಕಾರದ ಸ್ಮರಣೆಗಂತೂ ಯಾವ ಸ್ಥಿತಿಯಲ್ಲಿಯೂ ನಿಷೇಧವಿಲ್ಲ. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಆ ಮಂತ್ರವನ್ನು ಹೇಳಿದ ಕಥೆ ಮನೆಮನೆಗೂ ತಿಳಿದದ್ದು. ಅರ್ಥವನ್ನರಿಯದ ಪ್ರಾಣಿಗೆ ಸಲ್ಲುವುದು ಹಾಲುಗೂಸಿಗೆ ಸಲ್ಲದೇ? ಅಜ್ಜಿ ಮೆಲುದನಿಯಲ್ಲಿ ಹೇಳಲಿ. ಕೂಸನ್ನು ತಾಯಿಯ ಎದೆಯ ಮೈಗೆ ತಾಗಿಸಿ ಇಡುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದಲ್ಲಿ ಆರಂಭವಾಯಿತು. ಬದುಕುವ ಕೂಸುಗಳಿಗಾಗಿ ಬಂದ ಪದ್ಧತಿ ಅದು. ಹೋಗುವ ಕೂಸನ್ನೂ ಹಾಗೆ ಎದೆಯ ಮೇಲಿಡಲು ಸಾಧ್ಯವೇ ಎಂದು ಬಂಧುಗಳು ದಾದಿಯರನ್ನು ಕೇಳಬೇಕು, ಏಕೆಂದರೆ ತಾಯಿಗೆ ಕೇಳುವ ಧೈರ್ಯವಿರುವುದಿಲ್ಲ. ಆಕೆಗೆ ಮುಖ ತೋರಿಸದೆ ಗಂಡಸರೇ ಕೂಸನ್ನು ಒಯ್ದು ಹೂಳಿ ಬರುವುದು ದಯೆಯೆಂದು ಹಲವರು ತಿಳಿದಿದ್ದಾರೆ. ನೋಡಬೇಕೋ ಬೇಡವೋ ಎಂಬುದನ್ನು ಆಕೆಯೇ ಹೇಳಲಿ.

ಕೂಸು ಹೋದ ಮೇಲೂ ಎದೆಯಲ್ಲಿ ಹಾಲು ತುಂಬುತ್ತದೆ; ಆ ನೋವಿಗೆ ಏನು ಮಾಡಬೇಕೆಂದು ಹಿರಿಯ ಹೆಂಗಸೊಬ್ಬಳು ವೈದ್ಯರಲ್ಲಿ ವಿಚಾರಿಸಿ ತಿಳಿದಿರಬೇಕು. ಇನ್ನು ಊಟ. ರಾತ್ರಿಭೋಜನವನ್ನು ತ್ಯಜಿಸಿದ ಮನೆಯ ಹೆಣ್ಣು ಆಸ್ಪತ್ರೆಯ ಗಡಿಬಿಡಿಯಲ್ಲಿ ಹೊತ್ತು ಮೀರಿತೆಂದು ಬರಿಹೊಟ್ಟೆಯಲ್ಲಿ ಮಲಗುತ್ತಾಳೆ, ಯಾರೂ ಗಮನಿಸುವುದಿಲ್ಲ. ಹಿರೇಕೆರೂರಿನಿಂದ ಹೊರಡುವವರು ಮಧ್ಯಾಹ್ನದ ಬಸ್ಸನ್ನೇ ಹಿಡಿಯಬೇಕು. ಬಿಸಿ ಅನ್ನ, ತೊವ್ವೆ, ಕಾಯಿಸಿ ಶೋಧಿಸಿದ ನೀರು ಸೂರ್ಯಾಸ್ತಕ್ಕೆ ಮುಂಚೆ ಆಕೆಯ ಕೈಸೇರಬೇಕು.