ಕಣ್ಣು ಮುಚ್ಚಿದ ತಲೆ

ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಹಳೇ ಪುಸ್ತಕವೊಂದರಲ್ಲಿ ಬ್ರಾಂಕೂಸಿಯ ಕಂಚಿನ ತಲೆಯ ಚಿತ್ರವಿದೆ. 'ನಿದ್ರಿಸುವ ಮ್ಯೂಸ್', 1910. ಕುತ್ತಿಗೆಯಿಲ್ಲ, ಭುಜವಿಲ್ಲ; ಮೊಟ್ಟೆಯಂಥ ತಲೆ ಪಕ್ಕಕ್ಕೆ ಒರಗಿದೆ. ಮೂಗು ಒಂದು ತೆಳು ಏಣು, ಕಣ್ಣು ಬರೀ ಉಬ್ಬು. ಇದಕ್ಕೆ ಮಾದರಿಯಾಗಿದ್ದವಳು ರೆನೀ ಫ್ರಾಶೋನ್ ಎಂಬ ಹೆಂಗಸು. ಅವಳ ಗುರುತು ಎನ್ನುವಂಥದ್ದನ್ನೆಲ್ಲ ಸವೆಸಿಬಿಟ್ಟಿದ್ದಾನೆ. ಅಷ್ಟಾದರೂ ನಿದ್ದೆ ಮಾತ್ರ ನಿಜವಾದ್ದೇ.

ನೋಡುತ್ತ ಕೂತವನಿಗೆ ತಿಪಟೂರಿನಲ್ಲಿರುವ ಅಮ್ಮ ನೆನಪಾದಳು. ಸುಖವಾಗಿ ಅಲ್ಲ.

ನಾನು ಮುಂಬಯಿಗೆ ಬಂದು ಇಪ್ಪತ್ತಾರು ವರ್ಷ. ಅಷ್ಟರಲ್ಲಿ ನನ್ನ ತಲೆಯಲ್ಲಿರುವ ಅಮ್ಮನೂ ಹೀಗೇ ನುಣ್ಣಗಾಗಿದ್ದಾಳೆ. ಕುಂಕುಮ, ಒಗ್ಗರಣೆಯ ವಾಸನೆ, ಗೇಟಿನ ಹತ್ತಿರ ಎತ್ತಿದ ಕೈ, ಮುಗಿಯಿತು. ಆ ಅಮ್ಮ ಜಗಳವಾಡುವುದಿಲ್ಲ, ಏನೂ ಕೇಳುವುದಿಲ್ಲ. ಇಲ್ಲಿನ ಗೆಳೆಯರ ಮುಂದೆ ಅವಳ ಬಗ್ಗೆ ಮಾತಾಡುತ್ತ ಗಂಟಲು ಕಟ್ಟಿಸಿಕೊಂಡದ್ದೂ ಉಂಟು. ಹೋದ ಸಲ ಊರಿಗೆ ಹೋದಾಗ ಎರಡನೇ ದಿನಕ್ಕೇ ಹಿತ್ತಲ ತೆಂಗಿನಮರಗಳ ವಿಷಯಕ್ಕೆ ರೇಗಿದೆ. ಅಮ್ಮ ಅಂದಳು: "ನೀನು ನೆನೆಸಿಕೊಳ್ಳೋ ಅಮ್ಮ ಬೇರೆ ಕಣೋ. ಅವಳಿಗೆ ಮಂಡಿನೋವಿಲ್ಲ."

ಒಬ್ಬರನ್ನು ಹೀಗೆ ಸರಳ ಮಾಡಿಕೊಳ್ಳುವುದು ಪ್ರೀತಿಯೋ, ಅನುಕೂಲವೋ?

ಬ್ರಾಂಕೂಸಿಯೂ ಊರು ಬಿಟ್ಟವನೇ. ರುಮೇನಿಯಾದ ಹೋಬಿತ್ಸ ಎಂಬ ಹಳ್ಳಿಯಲ್ಲಿ 1876ರಲ್ಲಿ ಹುಟ್ಟಿ, 1904ರಲ್ಲಿ ಪ್ಯಾರಿಸ್ ಸೇರಿ, 1957ರಲ್ಲಿ ಅಲ್ಲೇ ತೀರಿಕೊಂಡ. ಅವನನ್ನು ನೆಪ ಮಾಡಿಕೊಂಡು ನಾನು ಪಾರಾಗಬಹುದಿತ್ತು. ಆದರೆ ಪುಸ್ತಕದಲ್ಲಿ ಮುಂದಿನ ಪುಟಗಳೂ ಇದ್ದವಲ್ಲ. ಮಾರ್ಗಿತ್ ಪೋಗಾನಿ ಎಂಬ ಹಂಗೇರಿಯ ಚಿತ್ರಗಾರ್ತಿ ಅವನೆದುರು ಎಷ್ಟೋ ಸಲ ಕೂತಳು. ಅವಳ ತಲೆಯನ್ನು 1912ರಲ್ಲಿ ಅಮೃತಶಿಲೆಯಲ್ಲಿ ಕೆತ್ತಿದ, ಆಮೇಲೆ ಕಂಚಿನಲ್ಲಿ ಎರಕ ಹೊಯ್ದ. ಮೊದಲನೆಯದರಲ್ಲಿ ಕಣ್ಣುಗಳು ಇಷ್ಟು ದೊಡ್ಡವು. 1919ರಲ್ಲಿ ಮತ್ತೆ ಅದೇ ತಲೆಗೆ ಬಂದ, 1931ರಲ್ಲಿ ಇನ್ನೊಮ್ಮೆ. ಕಣ್ಣು ಹೋಗಿ ಹುಬ್ಬಿನ ಕಮಾನು ಉಳಿಯಿತು. ಇಪ್ಪತ್ತು ವರ್ಷ! ಅವನು ನೋಡಿ ನೋಡಿ ತೆಗೆದ. ನನ್ನಲ್ಲಿ ನೋಡದೇ ಇದ್ದುದರಿಂದ ತಾನಾಗಿ ಉದುರಿದ್ದು. ಕಂಚು ಹೊಳೆಯಬೇಕಾದರೆ ಉಜ್ಜಬೇಕು. ನನ್ನದು ಬರೀ ಸವಕಲು ನಾಣ್ಯ.

ಊರಲ್ಲೇ ಇರುವ ಅಣ್ಣನ ಅಮ್ಮ ಬಹುಶಃ ಪೂರ್ತಿ ಸುಕ್ಕು, ಪೂರ್ತಿ ಗೊಣಗು. ಅವನು ಗಂಟಲು ಕಟ್ಟಿಸಿಕೊಂಡದ್ದು ನಾನು ಕಂಡಿಲ್ಲ. ಗುಳಿಗೆ ತಂದುಕೊಡುವವನು ಮಾತ್ರ ಅವನೇ.

ಕಳೆದ ಭಾನುವಾರ ಫೋನಿನಲ್ಲಿ "ಊಟ ಆಯ್ತಾ" ಅನ್ನುವ ಬದಲು "ಮಂಡಿ ಹೇಗಿದೆ" ಅಂದೆ. ಅಮ್ಮ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಎಣ್ಣೆ, ಡಾಕ್ಟರು, ಮೆಟ್ಟಿಲು, ಅತ್ತಿಗೆ ಅಂತ ಇಪ್ಪತ್ತು ನಿಮಿಷ. ನಡುವೆ ಒಮ್ಮೆ ನಿಲ್ಲಿಸಿ ಕೇಳಿದಳು:

"ಕೇಳಿಸ್ಕೊಳ್ತಿದೀಯೇನೋ?"