ಓದುವವನ ಋಣ

ನಮ್ಮ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಪ್ರಸಾರವನ್ನಾರಂಭಿಸಿತು. ಹೊಲದಲ್ಲಿ ದುಡಿಯುವ ದಲಿತ ಮಹಿಳೆಯರೇ ಅದನ್ನು ನಡೆಸಿದರು. ಬೀಜ, ಬೆಳೆ, ಹಾಡುಗಳ ವಿಚಾರವನ್ನು ತಮ್ಮ ತೆಲುಗಿನಲ್ಲೇ ನುಡಿದರು. ಅಲ್ಲಿ ಕೊರಳೂ ಅವರದು, ಮಾತೂ ಅವರದು.

ಬಾನುಲಿಯಲ್ಲಿ ಪುಸ್ತಕವನ್ನೋದುವವನ ಸ್ಥಿತಿ ಬೇರೆ. ಕೊರಳು ತನ್ನದಾದರೂ ಮಾತು ಮತ್ತೊಬ್ಬರದು. ಕೇಳುವವನ ಕೈಯಲ್ಲಿ ಪುಟವಿಲ್ಲ. ಕಠಿಣವೆಂದು ಒಂದು ವಾಕ್ಯವನ್ನು ಬಿಟ್ಟರೆ, ಅಹಿತವೆಂದು ಒಂದು ಪದವನ್ನು ಬದಲಿಸಿದರೆ, ಆತನಿಗೆ ತಿಳಿಯುವ ಬಗೆ ಯಾವುದು? ಅಕ್ಷರವರಿಯದವರಿಗೆ ಸುಲಭಮಾಡಿ ಹೇಳುವುದು ದಯೆಯಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲವೆಂದೇ ನಮ್ಮ ಅಭಿಪ್ರಾಯ. ತಾನೇ ಓದುವವನು ಪುಟ ಹಾರಿಸಿದರೆ ಅದು ಅವನ ಸ್ವಾತಂತ್ರ್ಯ. ಅವನ ಪರವಾಗಿ ನಾವು ಹಾರಿಸಿ ಸುಮ್ಮನಿದ್ದರೆ ಅದು ವಂಚನೆ.

ಇದಕ್ಕೆ ದಾರಿಯನ್ನು ನಮ್ಮ ಹಿರಿಯರೇ ತೋರಿದ್ದಾರೆ. ಕುಮಾರವ್ಯಾಸ ಭಾರತದ ವಾಚನದಲ್ಲಿ ಗಮಕಿಯು ಪದ್ಯವನ್ನೋದುವನು, ವ್ಯಾಖ್ಯಾನಕಾರನು ಅರ್ಥ ಹೇಳುವನು. ಕವಿಯ ಮಾತು ಯಾವುದು, ವಿವರಣೆ ಯಾವುದು ಎಂಬುದು ಓದುಬಾರದವನಿಗೂ ಸ್ಪಷ್ಟ. ಬಾನುಲಿಯ ಓದೂ ಹೀಗೆಯೇ ಇರಲಿ: ಬಿಟ್ಟುದನ್ನು ಬಿಟ್ಟೆವೆಂದು, ಸೇರಿಸಿದುದನ್ನು ಸೇರಿಸಿದೆವೆಂದು ಹೇಳಲಿ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಕೇಳುವ ಈ ಗಡಿಯ ಮಕ್ಕಳೆದುರು ಪಾಠವನ್ನು ಗಟ್ಟಿಯಾಗಿ ಓದುವ ಉಪಾಧ್ಯಾಯರಾದ ನಮಗೂ ಇದೇ ನಿಯಮ ಸಲ್ಲತಕ್ಕದ್ದು. ಇನ್ನೂ ಓದಲು ಬಾರದ ಮಗು ನಮ್ಮ ದನಿಯನ್ನೇ ಪುಸ್ತಕವೆಂದು ನಂಬಿರುತ್ತದೆ.