ಇಂದಿನ ಧಮ್ಮ ಚಿಂತನೆ: ರೋಹಿಣಿಯ ನೀರು, ಶರಾವತಿಯ ನೀರು

 

ನಮ್ಮ ನಲ್ಲೂರಿನಲ್ಲಿ ಹವಾಮಾನದ ಮಾತು ಬಂದರೆ ಸಾಮಾನ್ಯವಾಗಿ ಮೂರು ದನಿ ಕೇಳಿಸುತ್ತವೆ. "ಬರ ನಮ್ಮಜ್ಜನ ಕಾಲದಲ್ಲೂ ಇತ್ತು ಬಿಡಿ ಮೇಡಂ" ಅನ್ನುವುದು ಒಂದು. "ಹೊಗೆ ಬಿಟ್ಟೋರು ಅಮೆರಿಕದೋರು, ಅನುಭವಿಸೋರು ನಾವು. ಮೊದಲು ಅವರು ನಿಲ್ಲಿಸಲಿ" ಅನ್ನುವುದು ಇನ್ನೊಂದು. "ಏನಾದ್ರೂ ಮಾಡ್ಲೇಬೇಕು" ಅನ್ನುವುದು ಮೂರನೆಯದು.

ಮೊದಲ ಮಾತಿನಲ್ಲಿ ಸತ್ಯವಿದೆ. ಬರ ಹಿಂದೆಯೂ ಇತ್ತು. ಆದರೆ 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದರ ಮರುವರ್ಷ, 2024, ದಾಖಲೆ ಇಟ್ಟಾಗಿನಿಂದ ಈಚೆಗೆ ಭೂಮಿಯ ಅತಿ ಬಿಸಿಯ ವರ್ಷವಾಯಿತು. ಅಜ್ಜನ ಕಾಲದ ಬರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೊಳವೆಬಾವಿ ಕೊರೆಸಿದವರಿಗೆ ಗೊತ್ತು.

ಎರಡನೆಯ ಮಾತಿನಲ್ಲಿ ಇನ್ನೂ ಹೆಚ್ಚು ಸತ್ಯವಿದೆ. ವರ್ಷಕ್ಕೆ ಒಬ್ಬ ಭಾರತೀಯನ ಪಾಲಿಗೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್. ಒಬ್ಬ ಅಮೆರಿಕನ್ನನ ಪಾಲು ಸುಮಾರು 14 ಟನ್. ಈ ಅನ್ಯಾಯವನ್ನು ಕೇಳಲೇಬೇಕು. ಆದರೆ ಭಗವಾನರು ಮಾಲುಂಕ್ಯಪುತ್ತನಿಗೆ ಹೇಳಿದ ವಿಷದ ಬಾಣದ ಕಥೆ ನೆನಪಿದೆಯಲ್ಲವೇ? ಬಾಣ ಬಿಟ್ಟವನ ಕುಲ ಯಾವುದು, ಊರು ಯಾವುದು, ಬಿಲ್ಲು ಎಂಥದ್ದು ಎಂದು ತಿಳಿಯುವ ತನಕ ಬಾಣ ಕೀಳಿಸಿಕೊಳ್ಳುವುದಿಲ್ಲ ಎಂದು ಕುಳಿತವನು ಉಳಿಯುವುದಿಲ್ಲ. ಬಾಣ ಬಿಟ್ಟವನನ್ನು ಹಿಡಿಯುವ ಕೆಲಸ ನಡೆಯಲಿ. ಬಾಣ ಕೀಳುವ ಕೆಲಸವೂ ನಡೆಯಲಿ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ದನಿ. ಯಾಕೆಂದರೆ "ಮಾಡಲೇಬೇಕು" ಅನ್ನುವವರೇ, ಏನು ಮಾಡಬೇಕು ಅಂದ ಕೂಡಲೇ ಎರಡು ಪಕ್ಷವಾಗುತ್ತಾರೆ. ಶರಾವತಿ ಕಣಿವೆಯಲ್ಲಿ ಈಗ ಆಗಿರುವುದು ಅದೇ.

ಅಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸರ್ಕಾರ ಹೊರಟಿದೆ. ವಿದ್ಯುತ್ ಮಿಗುವ ಹೊತ್ತಿನಲ್ಲಿ ಗೇರುಸೊಪ್ಪದ ನೀರನ್ನು ಮೇಲಿನ ತಲಕಳಲೆಗೆ ಏರಿಸುವುದು, ಬೇಡಿಕೆ ಹೆಚ್ಚುವ ಹೊತ್ತಿನಲ್ಲಿ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು ಅದರ ಕ್ರಮ. ಸೂರ್ಯನ ವಿದ್ಯುತ್ತು ರಾತ್ರಿಗೆ ಸಿಗುವುದಿಲ್ಲ, ಅದನ್ನು ಹೀಗೆ ಕೂಡಿಡದಿದ್ದರೆ ಕಲ್ಲಿದ್ದಲನ್ನು ಬಿಡುವುದು ಹೇಗೆ ಎಂದು ಒಂದು ಪಕ್ಷ ಕೇಳುತ್ತದೆ. ಅದು ಸಿಂಗಳೀಕಗಳ ಅಭಯಾರಣ್ಯ, ಸಾವಿರಾರು ಮರ ಉರುಳುತ್ತವೆ, ಗುಡ್ಡ ಕುಸಿಯುವ ಜಾಗ ಅದು, ಮೇಲಾಗಿ ನೀರು ಏರಿಸಲು ಹಿಡಿಯುವ ವಿದ್ಯುತ್ತು ಇಳಿದಾಗ ಸಿಗುವುದಕ್ಕಿಂತ ಹೆಚ್ಚು ಎಂದು ಇನ್ನೊಂದು ಪಕ್ಷ ಹೇಳುತ್ತದೆ.

ಇದನ್ನು ತರಗತಿಯಲ್ಲಿ ವಿವರಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮಿಸ್, ಇಬ್ರೂ ಪರಿಸರ ಉಳಿಸ್ತೀವಿ ಅಂತಾರೆ. ನಾವು ಯಾರ ಮಾತು ಕೇಳ್ಬೇಕು?"

ಈ ಪ್ರಶ್ನೆಯನ್ನು ಹಿಡಿದು ರೋಹಿಣಿ ನದಿಯ ದಡಕ್ಕೆ ಹೋಗೋಣ ಬನ್ನಿ.

*ರೋಹಿಣಿಯ ದಡದಲ್ಲಿ*

ಶಾಕ್ಯರಿಗೂ ಕೋಲಿಯರಿಗೂ ನಡುವೆ ಹರಿಯುತ್ತಿದ್ದ ನದಿ ಅದು. ಧಮ್ಮಪದದ ಅಟ್ಠಕಥೆ ಹೇಳುವಂತೆ, ಬೇಸಿಗೆಯಲ್ಲಿ ನೀರು ಇಳಿದಾಗ ಇನ್ನೊಂದೇ ಸಲ ನೀರು ಹಾಯಿಸಿದರೆ ತಮ್ಮ ಪೈರು ಕೈಗೆ ಬರುತ್ತದೆ ಎಂದು ಎರಡೂ ಕಡೆಯವರು ಹೇಳಿದರು. ಗಮನಿಸಿ, ಇಬ್ಬರೂ ಸುಳ್ಳು ಹೇಳಲಿಲ್ಲ. ಮಾತು ಬೈಗುಳವಾಯಿತು, ಬೈಗುಳ ಕುಲದವರೆಗೆ ಹೋಯಿತು, ಕೊನೆಗೆ ಸೇನೆಗಳೇ ನಿಂತವು. ಬುದ್ಧರು ನಡುವೆ ಬಂದು ಜಗಳ ಯಾತಕ್ಕೆ ಎಂದು ಕೇಳಿದರೆ ರಾಜರಿಗೇ ಗೊತ್ತಿಲ್ಲ! ಒಬ್ಬರನ್ನೊಬ್ಬರು ಕೇಳುತ್ತಾ ಹೋಗಿ ಕೊನೆಗೆ ಗದ್ದೆಯ ಆಳುಗಳಿಂದ ತಿಳಿಯಿತು, ನೀರಿಗೆ ಎಂದು. ಆಗ ಬುದ್ಧರು ನೀರಿನ ಬೆಲೆ ಎಷ್ಟು, ಮನುಷ್ಯರ ಜೀವದ ಬೆಲೆ ಎಷ್ಟು ಎಂದು ವಿಚಾರಿಸಿದರು.

ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಿದ್ಧಾರ್ಥನ ಗೃಹತ್ಯಾಗಕ್ಕೇ ಈ ನೀರಿನ ವಿವಾದವನ್ನು ಕಾರಣವಾಗಿ ಇಟ್ಟಿದ್ದಾರೆ. ಶಾಕ್ಯ ಸಂಘದಲ್ಲಿ ಯುದ್ಧದ ನಿರ್ಣಯ ಬಂದಾಗ ಸಿದ್ಧಾರ್ಥ ಎದ್ದು ನಿಂತು ಒಂದು ದಾರಿ ಸೂಚಿಸುತ್ತಾನೆ: ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಐದನೆಯವನನ್ನು ಆರಿಸಲಿ, ಆ ಐವರು ವಿವಾದ ಬಗೆಹರಿಸಲಿ. ಮತಕ್ಕೆ ಹಾಕಿದಾಗ ಸೂಚನೆ ಬಿದ್ದುಹೋಗುತ್ತದೆ. ಅವನು ಬಹುಮತಕ್ಕೆ ಹೆದರಿ ತನ್ನ ಮಾತು ಬದಲಿಸುವುದಿಲ್ಲ, ಸಂಘವನ್ನು ಬೈದು ಒಡೆಯುವುದೂ ಇಲ್ಲ. ತಾನು ನಂಬಿದ್ದಕ್ಕೆ ತಾನೇ ಬೆಲೆ ತೆತ್ತು ಮನೆ ಬಿಡುತ್ತಾನೆ.

*ನಮಗೆ ಇದರಿಂದ ಏನು?*

ಸಿದ್ಧಾರ್ಥ ಯಾವ ಪಕ್ಷ ಸರಿ ಎಂಬುದರಿಂದ ಶುರು ಮಾಡಲಿಲ್ಲ. ತೀರ್ಮಾನಿಸುವ ಜಾಗದಲ್ಲಿ ಎದುರು ದಡದವರೂ ಕೂತಿದ್ದಾರೆಯೇ ಎಂಬುದನ್ನು ಮೊದಲು ನೋಡಿದ. ಆ ಹುಡುಗಿಗೆ ನಾನು ಕೊಟ್ಟ ಉತ್ತರವೂ ಇಷ್ಟೇ: ಈ ಕೆಲಸದಿಂದ ಕಳೆದುಕೊಳ್ಳುವವರು ಯಾರು, ಅವರನ್ನು ಕೇಳಿದ್ದಾರೆಯೇ ಎಂದು ಮೊದಲು ನೋಡು.

ದೇವನಹಳ್ಳಿ ತಾಲ್ಲೂಕಿನ ನಮಗೆ ಇದು ಪುಸ್ತಕದ ಮಾತಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನದ ವಿರುದ್ಧ ರೈತರು 2022ರಿಂದ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಜಮೀನು ಕೊಡುತ್ತೇವೆ ಎಂದವರೂ ನಮ್ಮಲ್ಲಿದ್ದರು. ಕೊಡುವುದಿಲ್ಲ ಎಂದವರ ಬೇಡಿಕೆಯ ತಿರುಳು, ನಮ್ಮನ್ನು ಕೇಳದೆ ನಮ್ಮ ನೆಲ ತೆಗೆದುಕೊಳ್ಳಬೇಡಿ ಎಂಬುದಾಗಿತ್ತು. ಶರಾವತಿಯ ದಡದವರು ಇಂದು ಅದನ್ನೇ ಹೇಳುತ್ತಿದ್ದಾರೆ. ಆ ವಿದ್ಯುತ್ತು ಹೋಗುವುದು ಬೆಂಗಳೂರಿಗೆ, ವಿಮಾನ ನಿಲ್ದಾಣದ ಸುತ್ತಿನ ನಮ್ಮ ಊರುಗಳಿಗೆ. ನಮ್ಮ ನೆಲಕ್ಕೆ ಬಂದಾಗ ಕೇಳಿದ ನ್ಯಾಯವನ್ನು, ನಮ್ಮ ದೀಪಕ್ಕೆ ಬಂದಾಗ ಮರೆತರೆ ಅದು ತಣ್ಹೆಯಲ್ಲದೆ ಇನ್ನೇನು? ಸಿಂಗಳೀಕ ಅಹವಾಲು ಸಭೆಗೆ ಬರಲಾರದು. ಅದರ ಪರವಾಗಿ ಮಾತಾಡುವವರನ್ನು ಅಭಿವೃದ್ಧಿಯ ವೈರಿ ಎನ್ನುವ ಮುಂಚೆ ಅವರ ಮಾತನ್ನು ಪೂರ್ತಿ ಕೇಳಬೇಕು. ಹಾಗೆಯೇ ಸೂರ್ಯನ ವಿದ್ಯುತ್ತನ್ನು ಎಲ್ಲಿ ಕೂಡಿಡುವುದು ಎಂದು ಕೇಳುವ ಎಂಜಿನಿಯರನನ್ನು ದುಡ್ಡು ತಿಂದವನು ಎನ್ನುವುದೂ ಸಮ್ಯಕ್ ವಾಚೆ ಅಲ್ಲ. ಅವನ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ಯೋಜನೆ ಬೇಡ ಎನ್ನುವವರ ಮೇಲೂ ಇದೆ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ ಹನ್ನೆರಡನೆಯ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಆದ್ದರಿಂದ ಮಾತಿಗೆ ಹಿಡಿತ ಬೇಕು ಎಂಬುದು ಅದರ ಆಶಯ. ಕಳಿಂಗದ ರಕ್ತ ನೋಡಿದವನು ಕಲ್ಲಿನ ಮೇಲೆ ಬರೆಸಿದ ಮಾತು ಅದು.

ನಮ್ಮೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುಮಾರು 54 ಎಕರೆ. ಬೊಡ್ಡೆ ಟೊಳ್ಳಾದ ಮರಗಳೂ ಇನ್ನೂ ಚಿಗುರುತ್ತಿವೆ. ಅವನ್ನು ನೆಟ್ಟವರ ಹೆಸರು ನಮಗೆ ಗೊತ್ತಿಲ್ಲ, ಅವರಿಗೆ ನಮ್ಮ ಪರಿಚಯವಂತೂ ಇರಲೇ ಇಲ್ಲ. ಆದರೂ ನೆರಳು ನಮಗೆ ಸಿಕ್ಕಿದೆ. ತೀರ್ಮಾನದ ಸಭೆಗೆ ಬರಲಾಗದವರಲ್ಲಿ ಇನ್ನೂ ಹುಟ್ಟದ ಮಕ್ಕಳೂ ಇದ್ದಾರೆ ಎಂಬುದನ್ನು ಆ ತೋಪಿನಲ್ಲಿ ನಿಂತರೆ ಯಾರೂ ಹೇಳಿಕೊಡಬೇಕಾಗಿಲ್ಲ.

*ಇಂದಿನ ಅಭ್ಯಾಸ:* ಈ ವಿಷಯದಲ್ಲಿ ನಿಮ್ಮನ್ನು ಒಪ್ಪದ ಒಬ್ಬರ ವಾದವನ್ನು, ಅವರೇ ಕೇಳಿ "ಹೌದು, ನಾನು ಹೇಳಿದ್ದು ಇದನ್ನೇ" ಎನ್ನುವ ಹಾಗೆ ಹೇಳಿ ನೋಡಿ. ಆಮೇಲೆ ನಿಮ್ಮ ಮಾತು ಹೇಳಿ. ಸಂಜೆ ಒಂದು ಅನಗತ್ಯ ದೀಪ ಆರಿಸುವಾಗ ಶರಾವತಿಯನ್ನು ನೆನೆಯಿರಿ.

ಎಲ್ಲ ಜೀವಿಗಳೂ ಸುಖವಾಗಿರಲಿ.
ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏